ಬಂಡೆ ಏರುವವರ ಹಗ್ಗ: ಒಪ್ಪಿಗೆ ನೀಡುವ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಕಳೆದ ವರ್ಷ ನಾನು ಕಾರ್ಯನಿರ್ವಹಿಸುತ್ತಿರುವ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಒಂದು ಅರ್ಜಿ ಬಂದಿತು. ಊರ ಹಿಂದಿನ ಬಂಡೆಯ ಮೇಲೆ ಪ್ರೌಢಶಾಲೆಯ ಮಕ್ಕಳಿಗಾಗಿ ಒಂದು ದಿನದ ಶಿಲಾರೋಹಣ ಶಿಬಿರ ನಡೆಸಲು ಯುವಕ ಸಂಘದವರು ಒಪ್ಪಿಗೆ ಕೋರಿದ್ದರು. ಉದ್ದೇಶ ಒಳ್ಳೆಯದು, ಯಾರದೂ ಆಕ್ಷೇಪವಿರಲಿಲ್ಲ. ಠರಾವು ಬರೆಯುವ ಹಂತದಲ್ಲಿ ನಾನು, ಬಳಸುವ ಹಗ್ಗವನ್ನು ಒಮ್ಮೆ ತೋರಿಸಿ ಎಂದೆ. ಹುಡುಗರು ಸಂಭ್ರಮದಿಂದಲೇ ತಂದು ಮೇಜಿನ ಮೇಲಿಟ್ಟರು. ಅದು ಕೊಳವೆ ಬಾವಿಗೆ ಮೋಟರ್ ಇಳಿಸುವ ಹಗ್ಗವಾಗಿತ್ತು. ಇದು ಆಗದು ಎಂದಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: "ಸಾರ್, ಈ ಹಗ್ಗ ಮುನ್ನೂರು ಕೆ.ಜಿ. ಮೋಟರು, ಪೈಪು ಎಲ್ಲಾ ಎತ್ತುತ್ತೆ. ಐವತ್ತು ಕೆ.ಜಿ. ಹುಡುಗನ್ನ ಹಿಡಿಯಲ್ವಾ?"

ಪ್ರಶ್ನೆ ನ್ಯಾಯವಾದದ್ದೇ. ಎಂಜಿನಿಯರಿಂಗ್ ಓದಿದವನಾದರೂ ಅಂದು ಎಲ್ಲರಿಗೂ ಒಪ್ಪಿಗೆಯಾಗುವಂತೆ ಉತ್ತರಿಸಲು ನನಗೆ ಸಾಧ್ಯವಾಗಲಿಲ್ಲ. ಅರ್ಜಿಯನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಆ ಒಂದು ಪ್ರಶ್ನೆಗೆ ಸಾವಧಾನದ ಉತ್ತರವೇ ಈ ಲೇಖನ. ಬಂಡೆ, ಬೆಟ್ಟಗಳಿರುವ ಇತರ ಪಂಚಾಯತಿಗಳಿಗೂ ಇಂತಹ ಅರ್ಜಿಗಳು ಬರುವುದರಿಂದ ಸದಸ್ಯರಿಗೆ ಇದು ಉಪಯುಕ್ತವಾದೀತೆಂಬ ಭಾವನೆಯಿಂದ ಇಲ್ಲಿ ಬರೆಯಲಾಗಿದೆ.

ತೂಗುವುದು ಬೇರೆ, ಬಿದ್ದವರನ್ನು ಹಿಡಿಯುವುದು ಬೇರೆ

ಮೋಟರನ್ನು ಇಳಿಸುವಾಗ ಅದು ಹಗ್ಗದ ಮೇಲೆ ನಿಧಾನವಾಗಿ ಭಾರ ಬಿಡುತ್ತದೆ. ಮುನ್ನೂರು ಕಿಲೋ ತೂಕವಿದ್ದರೆ ಹಗ್ಗದ ಮೇಲಿನ ಭಾರವೂ ಹೆಚ್ಚುಕಡಿಮೆ ಅಷ್ಟೇ. ಬೀಳುವ ಮನುಷ್ಯನ ವಿಷಯ ಹಾಗಲ್ಲ. ಅವನು ವೇಗ ಗಳಿಸಿಕೊಂಡು ಬರುತ್ತಾನೆ. ಆ ವೇಗವನ್ನು ಹಗ್ಗವು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎಂಬುದರ ಮೇಲೆ ಬಲ ನಿರ್ಧಾರವಾಗುತ್ತದೆ. ಹುಲ್ಲಿನ ಬಣವೆಯ ಮೇಲೆ ಹಾರಿದವನಿಗೂ ಸಿಮೆಂಟ್ ಕಟ್ಟೆಯ ಮೇಲೆ ಹಾರಿದವನಿಗೂ ಇರುವ ವ್ಯತ್ಯಾಸ ಇದೇ. ಎತ್ತರ ಒಂದೇ, ತೂಕ ಒಂದೇ; ನಿಲ್ಲುವ ದೂರ ಮಾತ್ರ ಬೇರೆ.

ಲೆಕ್ಕ ಹಾಕಿ ನೋಡೋಣ. 50 ಕಿಲೋ ತೂಕದ ಹುಡುಗನು ಹಗ್ಗ ಬಿಗಿಯಾಗುವ ಮೊದಲು 2 ಮೀಟರ್ ಬಿದ್ದನೆನ್ನಿ. ಹಿಗ್ಗದ ಹಗ್ಗವು ಅವನನ್ನು ಕೇವಲ 10 ಸೆಂಟಿಮೀಟರ್‌ನಲ್ಲಿ ನಿಲ್ಲಿಸಿದರೆ, ಅವನ ದೇಹದ ಮೇಲೆ ಬೀಳುವ ಸರಾಸರಿ ಬಲ ಅವನ ತೂಕದ 21 ಪಟ್ಟು, ಅಂದರೆ 1,050 ಕಿಲೋ ಭಾರಕ್ಕೆ ಸಮ. ಅದೇ ಹುಡುಗನನ್ನು ಹಿಗ್ಗುವ ಹಗ್ಗವು 1 ಮೀಟರ್ ದೂರದಲ್ಲಿ ಮೆಲ್ಲಗೆ ನಿಲ್ಲಿಸಿದರೆ ಬಲವು ತೂಕದ 3 ಪಟ್ಟು, ಅಂದರೆ 150 ಕಿಲೋ. ಇವು ಸರಾಸರಿ ಅಂಕಿಗಳು; ಗರಿಷ್ಠ ಕ್ಷಣದ ಬಲ ಇನ್ನೂ ಹೆಚ್ಚು.

ಮೊದಲ ಸಂದರ್ಭದಲ್ಲಿ ಹಗ್ಗ ತುಂಡಾಗದೆಯೂ ಉಳಿಯಬಹುದು. ಆದರೆ ಆ ಬಲವೆಲ್ಲ ಹುಡುಗನ ಸೊಂಟ, ಬೆನ್ನುಮೂಳೆ ಮತ್ತು ಒಳಾಂಗಗಳ ಮೇಲೆ ಬೀಳುತ್ತದೆ. ಹಗ್ಗ ಉಳಿದು ಮನುಷ್ಯ ಉಳಿಯದಿರುವ ಸಾಧ್ಯತೆಯೇ ಇಲ್ಲಿನ ಅಪಾಯ. ಹಿರಿಯ ಸದಸ್ಯರ ಪ್ರಶ್ನೆಗೆ ಉತ್ತರವೂ ಇದೇ: ಆ ಹಗ್ಗ ಹುಡುಗನನ್ನು ಹಿಡಿದೀತು, ಆದರೆ ಉಳಿಸಲಾರದು.

ಈ ಕಾರಣದಿಂದ ಶಿಲಾರೋಹಣಕ್ಕೆಂದೇ ಡೈನಾಮಿಕ್ ಹಗ್ಗಗಳು ತಯಾರಾಗುತ್ತವೆ. ಒಳಗೆ ನೈಲಾನ್ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ. ಈ ರಚನೆಯ ಹಗ್ಗವನ್ನು ಜರ್ಮನಿಯ ಎಡೆಲ್‌ರಿಡ್ ಸಂಸ್ಥೆ 1953ರಲ್ಲಿ ಹೊರತಂದಿತು. ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವಾದ ಯುಐಎಎ ಹಾಗೂ ಯುರೋಪಿನ ಇಎನ್ 892 ಮಾನದಂಡಗಳ ಪ್ರಕಾರ, ಒಂಟಿಯಾಗಿ ಬಳಸುವ ಹಗ್ಗಕ್ಕೆ 80 ಕಿಲೋ ತೂಕವನ್ನು ಕಟ್ಟಿ, ಅತ್ಯಂತ ಕಠಿಣ ರೀತಿಯಲ್ಲಿ ಮತ್ತೆ ಮತ್ತೆ ಬೀಳಿಸಿ ಪರೀಕ್ಷಿಸಲಾಗುತ್ತದೆ. ಅಂತಹ ಕನಿಷ್ಠ 5 ಬೀಳುವಿಕೆಗಳನ್ನು ಹಗ್ಗ ತಾಳಬೇಕು, ಮೊದಲ ಬೀಳುವಿಕೆಯ ಬಲ 12 ಕಿಲೋನ್ಯೂಟನ್ ಮೀರಬಾರದು, ಹಿಗ್ಗುವಿಕೆ ಶೇ. 40 ದಾಟಬಾರದು. (1 ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋ ತೂಕದಷ್ಟು ಬಲ.)

ಸ್ಟ್ಯಾಟಿಕ್ ಎಂಬ ಇನ್ನೊಂದು ಬಗೆಯ ಹಗ್ಗವೂ ಇದೆ. ಅದು ಬಹಳ ಕಡಿಮೆ ಹಿಗ್ಗುತ್ತದೆ. ಹಗ್ಗ ಹಿಡಿದು ಇಳಿಯುವುದಕ್ಕೆ, ಗಾಯಾಳುಗಳನ್ನು ಸಾಗಿಸುವುದಕ್ಕೆ ಅದೇ ಸೂಕ್ತ. ಬೀಳುವವರನ್ನು ಹಿಡಿಯುವುದಕ್ಕೆ ಅಲ್ಲ. ಎರಡೂ ನೋಡಲು ಒಂದೇ ರೀತಿ ಇರುವುದರಿಂದ, ಹಗ್ಗದ ತುದಿಯಲ್ಲಿರುವ ಗುರುತಿನ ಪಟ್ಟಿಯನ್ನು ಓದದೆ ನಂಬತಕ್ಕದ್ದಲ್ಲ.

ಮಕ್ಕಳ ಶಿಬಿರಗಳಲ್ಲಿ ಸಾಮಾನ್ಯವಾಗಿ ಬಂಡೆಯ ನೆತ್ತಿಯಲ್ಲಿರುವ ಆಧಾರದ ಮೂಲಕ ಹಗ್ಗವನ್ನು ಹಾಯಿಸಿ, ಒಂದು ತುದಿಯನ್ನು ಏರುವವರಿಗೆ ಕಟ್ಟಿ, ಇನ್ನೊಂದನ್ನು ಕೆಳಗೆ ನಿಂತವರು ಹಿಡಿಯುತ್ತಾರೆ. ಈ ಕ್ರಮದಲ್ಲಿ ಬೀಳುವ ದೂರ ಬಹಳ ಕಡಿಮೆ. ಆದರೆ ಕೆಳಗಿನವರು ಮೈಮರೆತು ಹಗ್ಗ ಸಡಿಲ ಬಿಟ್ಟರೆ ಮೇಲೆ ಹೇಳಿದ 2 ಮೀಟರ್ ಬೀಳುವಿಕೆ ಅಲ್ಲಿಯೂ ಸಂಭವಿಸುತ್ತದೆ.

ಇದ್ದೂ ಬಳಸದ ಗಟ್ಟಿ ಹಗ್ಗ

1865ರ ಜುಲೈ 14ರಂದು ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ ಮ್ಯಾಟರ್‌ಹಾರ್ನ್ ಶಿಖರವನ್ನು ಇಂಗ್ಲೆಂಡಿನ ಎಡ್ವರ್ಡ್ ವಿಂಪರ್ ಸೇರಿದಂತೆ ಏಳು ಮಂದಿ ಮೊದಲ ಬಾರಿಗೆ ಏರಿದರು. ಇಳಿಯುವಾಗ ಒಬ್ಬನು ಕಾಲು ಜಾರಿದನು. ಏಳೂ ಮಂದಿ ಒಬ್ಬರಿಗೊಬ್ಬರು ಹಗ್ಗದಿಂದ ಬಿಗಿದುಕೊಂಡಿದ್ದರು. ನಾಲ್ಕನೆಯ ಮತ್ತು ಐದನೆಯವರ ನಡುವಿನ ಹಗ್ಗ ತುಂಡಾಯಿತು. ಮುಂದಿನ ನಾಲ್ವರು ಪ್ರಪಾತಕ್ಕೆ ಬಿದ್ದು ಮೃತರಾದರು. ತುಂಡಾದ ಹಗ್ಗವನ್ನು ಇಂದಿಗೂ ಜೆರ್ಮಾಟ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಗಮನಿಸಬೇಕಾದ ಸಂಗತಿಯೆಂದರೆ, ಆ ತಂಡದ ಬಳಿ ಇದಕ್ಕಿಂತ ಗಟ್ಟಿಯಾದ ಹಗ್ಗಗಳಿದ್ದವು. ಆ ಒಂದು ಜಾಗದಲ್ಲಿ ಮಾತ್ರ, ಇದ್ದವುಗಳಲ್ಲೆಲ್ಲ ಬಲಹೀನವಾದದ್ದು ಬಳಕೆಯಾಗಿತ್ತು. ಸುರಕ್ಷಾ ಸಾಧನಗಳ ಮೊದಲ ಪಾಠ ಇದು. ಏರುವವರ ಸೊಂಟದಿಂದ ಬಂಡೆಯವರೆಗೆ ಇರುವುದು ಒಂದು ಸರಪಳಿ. ಅದರ ಐದು ಕೊಂಡಿಗಳು ಗಟ್ಟಿಯಾಗಿದ್ದು ಆರನೆಯದು ಸಡಿಲವಾಗಿದ್ದರೆ, ಇಡೀ ಸರಪಳಿಯ ಬಲ ಆ ಆರನೆಯದರಷ್ಟೇ. ಆದ್ದರಿಂದ ಹಗ್ಗವೊಂದನ್ನೇ ನೋಡಿದರೆ ಸಾಲದು. ಉಳಿದ ಕೊಂಡಿಗಳನ್ನೂ ಒಂದೊಂದಾಗಿ ನೋಡೋಣ.

ಸರಪಳಿಯ ಉಳಿದ ಕೊಂಡಿಗಳು

ಹಾರ್ನೆಸ್: ಸೊಂಟ ಮತ್ತು ಎರಡೂ ತೊಡೆಗಳನ್ನು ಸುತ್ತುವ ಪಟ್ಟಿಗಳ ಕಟ್ಟು. ಬಿದ್ದಾಗ ಬಲವನ್ನು ಇದು ತೊಡೆ, ಸೊಂಟಗಳಿಗೆ ಹಂಚುತ್ತದೆ. ಹಗ್ಗವನ್ನು ನೇರವಾಗಿ ಸೊಂಟಕ್ಕೆ ಕಟ್ಟಿದರೆ ಅದು ಜಾರಿ ಎದೆಗೂಡಿಗೆ ಬಿಗಿದು ಉಸಿರು ಕಟ್ಟಿಸುತ್ತದೆ. ಸಣ್ಣ ಮಕ್ಕಳ ಸೊಂಟ ಇನ್ನೂ ಅಗಲವಾಗಿರುವುದಿಲ್ಲ. ತಲೆಕೆಳಗಾದರೆ ಅವರು ಸೊಂಟದ ಹಾರ್ನೆಸ್‌ನಿಂದ ಜಾರಿ ಹೊರಬೀಳುವ ಸಂಭವವಿದೆ. ಆದ್ದರಿಂದ ಅವರಿಗೆ ಹೆಗಲನ್ನೂ ಸುತ್ತುವ ಪೂರ್ಣ ದೇಹದ ಹಾರ್ನೆಸ್ ಬೇಕು. ಹಗ್ಗವನ್ನು ಹಾರ್ನೆಸ್‌ಗೆ ಕಟ್ಟುವ ಗಂಟು ಎಂಟರ ಆಕಾರದ್ದು. ಅದನ್ನು ಕಟ್ಟಿದವರಲ್ಲದೆ ಇನ್ನೊಬ್ಬರೂ ನೋಡಿ ಖಚಿತಪಡಿಸುವುದು ಎಲ್ಲೆಡೆ ಪಾಲಿಸುವ ನಿಯಮ.

ಕ್ಯಾರಬೀನರ್: ಬಾಗಿಲಿರುವ ಲೋಹದ ಕೊಂಡಿ. ಇದರ ಮೈಮೇಲೆ ಬಲದ ಅಂಕಿಗಳನ್ನು ಕೆತ್ತಿರುತ್ತಾರೆ. ಸಾಮಾನ್ಯ ಕ್ಯಾರಬೀನರ್ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ತಾಳಬೇಕು. ಅಡ್ಡಕ್ಕೆ ಅಥವಾ ಬಾಗಿಲು ತೆರೆದಿರುವಾಗ ಅದು ತಾಳಬೇಕಾದದ್ದು 7 ಕಿಲೋನ್ಯೂಟನ್ ಮಾತ್ರ. ಒಂದೇ ಕೊಂಡಿ, ಹಾಕಿದ ರೀತಿ ತಪ್ಪಿದರೆ ಮೂರನೇ ಒಂದರಷ್ಟು ಬಲ. ಹೀಗಾಗಿ ಮುಖ್ಯ ಜಾಗಗಳಲ್ಲಿ ತಿರುಪು ಬೀಗವಿರುವುದನ್ನೇ ಬಳಸಬೇಕು. ಬೀಗದ ಕೈಗೊಂಚಲಿಗೆಂದು ಅಂಗಡಿಗಳಲ್ಲಿ ಸಿಗುವ ಬಣ್ಣದ ಕೊಂಡಿಗಳು ನೋಡಲು ಹೀಗೆಯೇ ಇರುತ್ತವೆ; ಅವು ಮನುಷ್ಯರ ಭಾರಕ್ಕೆ ತಯಾರಾದವಲ್ಲ.

ಬಿಲೇ ಸಾಧನ: ಕೆಳಗೆ ನಿಂತವರು ಹಗ್ಗವನ್ನು ಬಿಡುತ್ತಾ, ಬೇಕಾದಾಗ ತಡೆಯುತ್ತಾ ಇರಲು ಬಳಸುವ ಸಾಧನ. ಹಗ್ಗವನ್ನು ಬಾಗಿಸಿ ಘರ್ಷಣೆ ಹುಟ್ಟಿಸುವುದು ಇದರ ತತ್ತ್ವ. ಬಾವಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿದಾಗ ಭಾರ ಹಗುರವಾಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 1991ರಲ್ಲಿ ಬಂದ ಗ್ರಿಗ್ರಿಯಂತಹ ಸಾಧನಗಳು ಹಗ್ಗ ಥಟ್ಟನೆ ಎಳೆದಾಗ ತಾವೇ ಬಿಗಿಯಲು ನೆರವಾಗುತ್ತವೆ. ಆದರೂ ತಡೆಯುವ ಕೈಯನ್ನು ಹಗ್ಗದಿಂದ ಎಂದಿಗೂ ತೆಗೆಯಬಾರದು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ. ಬರಿಗೈಯಲ್ಲಿ ಹಗ್ಗ ಹಿಡಿದು ಬೀಳುವವರನ್ನು ನಿಲ್ಲಿಸುತ್ತೇವೆ ಎನ್ನುವವರಿಗೆ ಶಿಬಿರ ನಡೆಸಲು ಬಿಡಬಾರದು.

ಹೆಲ್ಮೆಟ್: ಮೇಲಿನಿಂದ ಉರುಳುವ ಕಲ್ಲು ಹಾಗೂ ಬೀಳುವಾಗ ಬಂಡೆಗೆ ತಲೆ ಬಡಿಯುವುದು, ಇವೆರಡರಿಂದಲೂ ರಕ್ಷಣೆ ಬೇಕು. ಕಟ್ಟಡ ಕೆಲಸದ ಹೆಲ್ಮೆಟ್ ಇಲ್ಲಿ ಸಲ್ಲದು. ಕಾರ್ಖಾನೆಯ ಹೆಲ್ಮೆಟ್ ಎಲ್ಲಿಯಾದರೂ ಸಿಕ್ಕಿಕೊಂಡರೆ ಕೊರಳು ಬಿಗಿಯದಿರಲೆಂದು, ಯುರೋಪಿನ ಮಾನದಂಡದಂತೆ ಅದರ ಗಲ್ಲದ ಪಟ್ಟಿ 15ರಿಂದ 25 ಕಿಲೋ ಎಳೆತಕ್ಕೇ ಬಿಚ್ಚಿಕೊಳ್ಳುತ್ತದೆ. ಶಿಲಾರೋಹಣದ ಹೆಲ್ಮೆಟ್‌ನ ಪಟ್ಟಿ ಸುಮಾರು 50 ಕಿಲೋ ಎಳೆತವನ್ನು ತಾಳಲೇಬೇಕು; ಏಕೆಂದರೆ ಬೀಳುವಾಗ ಅದು ತಲೆಯ ಮೇಲೆಯೇ ಇರಬೇಕು. ಬೈಕಿನ ಹೆಲ್ಮೆಟ್ ಕಿವಿ ಮುಚ್ಚುತ್ತದೆ, ಮೇಲೆ ನೋಡಲು ಬಿಡುವುದಿಲ್ಲ. ಕೆಳಗಿನವರ ಕೂಗು ಕೇಳಿಸದಿದ್ದರೆ ಅದೇ ಅಪಾಯ.

ಆಧಾರ: ಇಡೀ ಸರಪಳಿ ಕೊನೆಗೆ ನಿಲ್ಲುವುದು ಬಂಡೆಯ ಮೇಲೆ. ನೆತ್ತಿಯ ಆಧಾರವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಿಂದುಗಳಾದರೂ ಆಗಿರಬೇಕು. ಒಂದು ಕಿತ್ತರೆ ಇನ್ನೊಂದು ಉಳಿಯಬೇಕು. ಎರಡು ಬಿಂದುಗಳಿಂದ ಬರುವ ಪಟ್ಟಿಗಳ ನಡುವಿನ ಕೋನವೂ ಮುಖ್ಯ. ಕೋನ 60 ಡಿಗ್ರಿ ಇದ್ದರೆ ಪ್ರತಿ ಬಿಂದುವಿನ ಮೇಲೆ ಭಾರದ ಶೇ. 58ರಷ್ಟು ಬೀಳುತ್ತದೆ. ಕೋನ 120 ಡಿಗ್ರಿಯಾದರೆ ಪ್ರತಿಯೊಂದರ ಮೇಲೂ ಇಡೀ ಭಾರವೇ ಬೀಳುತ್ತದೆ. ಎರಡು ಬಿಂದು ಇಟ್ಟ ಉದ್ದೇಶವೇ ವ್ಯರ್ಥವಾಗುತ್ತದೆ. ಇಬ್ಬರು ಕೊಡವೊಂದನ್ನು ಹಗ್ಗ ಕಟ್ಟಿ ಎತ್ತುವಾಗ ದೂರ ದೂರ ನಿಂತಷ್ಟೂ ಕೈ ಸೋಲುವುದನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ.

ಸಾಧನಗಳಿಗೂ ವಯಸ್ಸಿದೆ

ಅಮೆರಿಕದ ಟಾಡ್ ಸ್ಕಿನ್ನರ್ ಜಗತ್ತಿನ ಪ್ರಸಿದ್ಧ ಶಿಲಾರೋಹಿಗಳಲ್ಲಿ ಒಬ್ಬರಾಗಿದ್ದರು. 2006ರ ಅಕ್ಟೋಬರ್ 23ರಂದು ಯೊಸೆಮಿಟಿ ಕಣಿವೆಯಲ್ಲಿ ಹಗ್ಗದ ಮೇಲೆ ಇಳಿಯುತ್ತಿದ್ದಾಗ ಅವರ ಹಾರ್ನೆಸ್‌ನ ಮುಂಭಾಗದ ಕುಣಿಕೆ ಹರಿದು, ಬಿದ್ದು ಮೃತರಾದರು. ಆ ಕುಣಿಕೆ ಬಳಸಿ ಬಳಸಿ ಸವೆದಿತ್ತು. ಅನುಭವದ ಕೊರತೆ ಅವರಿಗೆ ಇರಲಿಲ್ಲ. ಬದಲಾಯಿಸಬೇಕಾದ ವಸ್ತುವನ್ನು ಇನ್ನೂ ಕೆಲವು ದಿನ ಬಳಸಿದ್ದೇ ಮುಳುವಾಯಿತು.

ನೈಲಾನ್ ಬಿಸಿಲಿಗೆ ಕ್ಷೀಣಿಸುತ್ತದೆ. ಆಮ್ಲ ತಗುಲಿದರೆ ಒಳಗಿಂದೊಳಗೇ ಬಲ ಕಳೆದುಕೊಳ್ಳುತ್ತದೆ; ಬ್ಯಾಟರಿಯ ಪಕ್ಕ ಇಟ್ಟ ಹಗ್ಗ ಹೊರಗೆ ಚೆನ್ನಾಗಿಯೇ ಕಂಡರೂ ನಂಬಲಾಗದು. ಕವಚದೊಳಗೆ ಮರಳು ಸೇರಿದರೆ ಪ್ರತಿ ಎಳೆತದಲ್ಲೂ ಎಳೆಗಳನ್ನು ಕೊಯ್ಯುತ್ತದೆ. ಇಷ್ಟೆಲ್ಲ ಆಗದೆ ಕಪಾಟಿನಲ್ಲೇ ಇದ್ದರೂ, ತಯಾರಕರು ಸಾಮಾನ್ಯವಾಗಿ ಬಟ್ಟೆ ಮತ್ತು ಪ್ಲಾಸ್ಟಿಕ್ ಸಾಧನಗಳಿಗೆ ಗರಿಷ್ಠ 10 ವರ್ಷದ ಆಯುಷ್ಯವನ್ನು ನಿಗದಿಪಡಿಸುತ್ತಾರೆ. ಸತತವಾಗಿ ಬಳಸುವ ಹಗ್ಗದ ಆಯುಷ್ಯ ಒಂದೆರಡು ವರ್ಷವೂ ಇರದಿರಬಹುದು. ಆದ್ದರಿಂದ "ಹಳೆಯದಾದರೂ ಗಟ್ಟಿ" ಎಂಬ ಮಾತು ನೇಗಿಲಿಗೆ ಒಪ್ಪುತ್ತದೆ, ಹಗ್ಗಕ್ಕೆ ಒಪ್ಪುವುದಿಲ್ಲ.

ನಮ್ಮ ಬಂಡೆಗಳ ವಿಶೇಷ

ರಾಜ್ಯದಲ್ಲಿ ರಾಮನಗರದ ಸುತ್ತಿನ ಬೆಟ್ಟಗಳು, ಸಾವನದುರ್ಗ, ಬಾದಾಮಿ ಮತ್ತು ಹಂಪಿ ಶಿಲಾರೋಹಿಗಳಿಗೆ ಪರಿಚಿತ ತಾಣಗಳು. ರಾಮನಗರ, ಸಾವನದುರ್ಗಗಳದ್ದು ಗ್ರಾನೈಟ್ ಜಾತಿಯ ಬಂಡೆ, ಬಾದಾಮಿಯದು ಮರಳುಗಲ್ಲು. ಬಿಸಿಲು, ಮಳೆಗೆ ಸಿಕ್ಕ ಗ್ರಾನೈಟ್ ಈರುಳ್ಳಿಯ ಪದರದಂತೆ ಹೊರಮೈಯಿಂದ ಬಿಡಿಸಿಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಪದರದ ಮೇಲೆ ಬೋಲ್ಟ್ ಹೊಡೆದರೆ, ಬೋಲ್ಟ್ ಎಷ್ಟೇ ಗಟ್ಟಿಯಾಗಿದ್ದರೂ ಪದರವೇ ಕಿತ್ತು ಬರಬಹುದು. ಮರಳುಗಲ್ಲು ನೀರು ಹೀರಿದಾಗ ಬಲ ಕಳೆದುಕೊಳ್ಳುತ್ತದೆ. ಮಳೆಯ ನಂತರ ಅದು ಒಣಗುವವರೆಗೆ ಕಾಯಬೇಕು.

ಯಾವ ಸಾಧನವೂ ತಡೆಯಲಾರದ ಅಪಾಯವೊಂದಿದೆ: ಹೆಜ್ಜೇನು. ಕಡಿದಾದ ಬಂಡೆಗಳ ಚಾಚಿನ ಕೆಳಗೆ ಅವು ಗೂಡು ಕಟ್ಟುತ್ತವೆ. ಹಗ್ಗದಲ್ಲಿ ನೇತಾಡುವವರಿಗೆ ಓಡಲು ದಾರಿಯಿಲ್ಲ. ಗೂಡುಗಳ ಜಾಗ ಊರಿನ ದನಗಾಹಿಗಳಿಗೆ ತಿಳಿದಿರುತ್ತದೆ. ಅವರನ್ನು ಕೇಳದೆ ಜಾಗ ಗೊತ್ತುಮಾಡಬಾರದು.

ಬಂಡೆ ಯಾರದೆಂಬುದೂ ಮುಖ್ಯ. ಅರಣ್ಯ ಪ್ರದೇಶವಾದರೆ ಅರಣ್ಯ ಇಲಾಖೆಯ, ಸಂರಕ್ಷಿತ ಸ್ಮಾರಕದ ವ್ಯಾಪ್ತಿಯಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಪಂಚಾಯತಿಯ ಠರಾವು ಅದಕ್ಕೆ ಬದಲಿಯಾಗದು. ರಾಮನಗರದ ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ಧಾಮವಾಗಿರುವುದು ಇದಕ್ಕೊಂದು ಉದಾಹರಣೆ. ತರಬೇತಿಗಾಗಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಕಾರ್ಯನಿರ್ವಹಿಸುತ್ತಿದೆ.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಸದಸ್ಯರೆಲ್ಲರೂ ತಜ್ಞರಾಗಬೇಕಿಲ್ಲ. ಅರ್ಜಿ ಬಂದಾಗ ಈ ಕೆಳಕಂಡ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದರೆ ಸಾಕು.

1. ಶಿಬಿರ ನಡೆಸುವವರು ಎಲ್ಲಿ ತರಬೇತಿ ಪಡೆದಿದ್ದಾರೆ? ಪ್ರಮಾಣಪತ್ರವಿದೆಯೇ?
2. ಹಗ್ಗ ಶಿಲಾರೋಹಣಕ್ಕೆಂದೇ ತಯಾರಾದ ಡೈನಾಮಿಕ್ ಹಗ್ಗವೇ? ಅದರ ಮೇಲೆ ಇಎನ್ ಅಥವಾ ಯುಐಎಎ ಗುರುತಿದೆಯೇ?
3. ಪ್ರತಿ ಸಾಧನದ ತಯಾರಿಕೆಯ ವರ್ಷ ಯಾವುದು? ಬಳಕೆಯ ದಾಖಲೆ ಪುಸ್ತಕವಿದೆಯೇ?
4. ಹಾರ್ನೆಸ್ ಮತ್ತು ಹೆಲ್ಮೆಟ್‌ಗಳು ಮಕ್ಕಳ ಅಳತೆಗೆ ಹೊಂದುತ್ತವೆಯೇ? ಒಮ್ಮೆಗೆ ಏರುವ ಎಲ್ಲರಿಗೂ, ಕೆಳಗೆ ನಿಂತವರಿಗೂ ಹೆಲ್ಮೆಟ್ ಸಾಕಷ್ಟಿದೆಯೇ?
5. ನೆತ್ತಿಯ ಆಧಾರವನ್ನು ಯಾರು ಹಾಕುತ್ತಾರೆ, ಯಾರು ಪರಿಶೀಲಿಸುತ್ತಾರೆ? ಇಬ್ಬರೂ ಬೇರೆ ಬೇರೆ ವ್ಯಕ್ತಿಗಳೇ?
6. ಬಂಡೆಯ ಬುಡದವರೆಗೆ ವಾಹನ ಬರುವ ದಾರಿ ಇದೆಯೇ? 108 ಆಂಬುಲೆನ್ಸ್‌ಗೆ ಕರೆ ಮಾಡಲು ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಯೇ?
7. ಪೋಷಕರ ಲಿಖಿತ ಒಪ್ಪಿಗೆ ಪಡೆಯಲಾಗಿದೆಯೇ?

ಇವುಗಳಲ್ಲಿ ಯಾವುದಕ್ಕಾದರೂ "ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬಂದರೆ, ಅದು ಉತ್ತರವಲ್ಲವೆಂದೇ ತಿಳಿಯತಕ್ಕದ್ದು.

ಕೊನೆಯದಾಗಿ

ನಮ್ಮ ಪಂಚಾಯತಿಯು ಅಂದಿನ ಅರ್ಜಿಯನ್ನು ತಿರಸ್ಕರಿಸಲಿಲ್ಲ. ಈ ಪ್ರಶ್ನೆಗಳೊಂದಿಗೆ ಹಿಂದಿರುಗಿಸಿತು. ಮೂರು ತಿಂಗಳ ನಂತರ ತರಬೇತಿ ಪಡೆದವರು ತಮ್ಮದೇ ಸಾಧನಗಳೊಂದಿಗೆ ಬಂದು ಶಿಬಿರ ನಡೆಸಿದರು. ಮಕ್ಕಳು ಬಂಡೆ ಏರಿ ಇಳಿದರು. ಹಗ್ಗದ ಪ್ರಶ್ನೆ ಎತ್ತಿದ್ದ ಹಿರಿಯ ಸದಸ್ಯರು ಬಿಸಿಲಲ್ಲೇ ಸಂಜೆಯವರೆಗೂ ನಿಂತು, ಪ್ರತಿ ಮಗುವಿನ ಗಂಟನ್ನೂ ಇಬ್ಬರು ನೋಡುತ್ತಿದ್ದಾರೆಯೇ ಎಂದು ಎಣಿಸುತ್ತಿದ್ದರು.

ಆ ಸಂಜೆ ಹಿಂದಿರುಗುವಾಗ ಅವರೇ ಇನ್ನೊಂದು ಮಾತು ಕೇಳಿದರು: "ಸಾರ್, ಮಕ್ಕಳಿಗೆ ಇಷ್ಟೆಲ್ಲ ಕೇಳಿದ್ವಿ. ನಮ್ಮ ನೀರಗಂಟಿ ವಾರಕ್ಕೊಂದು ಸಲ ಟ್ಯಾಂಕು ಹತ್ತುತ್ತಾನಲ್ಲ, ಅವನಿಗೇನು ಕೊಟ್ಟಿದ್ದೀವಿ?"

ಏನನ್ನೂ ಕೊಟ್ಟಿರಲಿಲ್ಲ. ಸುಮಾರು 12 ಮೀಟರ್ ಎತ್ತರದ ಆ ಟ್ಯಾಂಕಿನ ಏಣಿಯನ್ನು ಆತ ಬರಿಗೈಯಲ್ಲಿ ಏರುತ್ತಿದ್ದುದನ್ನು ನಾನೂ ಕಾಣುತ್ತಿದ್ದೆ. ಸ್ವಚ್ಛತೆಯ ಬಿಲ್ಲಿಗೆ ಸಹಿಯನ್ನೂ ಹಾಕುತ್ತಿದ್ದೆ. ಮುಂದಿನ ಸಭೆಯಲ್ಲಿಯೇ ಸಾಧನಗಳ ಖರೀದಿಗೆ ಠರಾವು ಮಾಡಲಾಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಶಿಲಾರೋಹಣದ ಹಾರ್ನೆಸ್ ಈ ಕೆಲಸಕ್ಕಲ್ಲ, ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಕೂಡ ಸಾಲದು. ಎತ್ತರದ ಕೆಲಸಕ್ಕೆ ಐಎಸ್ 3521 ಗುರುತಿರುವ ಪೂರ್ಣ ದೇಹದ ಹಾರ್ನೆಸ್, ಆಘಾತ ತಗ್ಗಿಸುವ ಭಾಗವಿರುವ ಎರಡು ಕವಲಿನ ಹಗ್ಗ ಮತ್ತು ಗಲ್ಲದ ಪಟ್ಟಿಯ ಹೆಲ್ಮೆಟ್ ಬೇಕು. ಎರಡು ಕವಲು ಏಕೆಂದರೆ, ಒಂದು ಕೊಂಡಿಯನ್ನು ಬಿಚ್ಚಿ ಮೇಲಿನ ಮೆಟ್ಟಿಲಿಗೆ ಹಾಕುವ ಕ್ಷಣದಲ್ಲಿಯೂ ಇನ್ನೊಂದು ಹಿಡಿದಿರಬೇಕು. ಕೊಂಡಿ ಹಾಕುವ ಏಣಿ ತುಕ್ಕು ಹಿಡಿದಿದ್ದರೆ ಮೊದಲು ಅದರ ದುರಸ್ತಿಯಾಗಬೇಕು. ಸರಪಳಿಯ ನಿಯಮ ಇಲ್ಲಿಗೂ ಅನ್ವಯ.

ಸದಸ್ಯರು ತಮ್ಮ ಮುಂದಿನ ಸಭೆಯಲ್ಲಿ ಈ ಎರಡೂ ವಿಷಯಗಳನ್ನು, ಅಂದರೆ ಬೆಟ್ಟದ ಮೇಲಿನ ಮಕ್ಕಳನ್ನೂ ಟ್ಯಾಂಕಿನ ಮೇಲಿನ ನೌಕರನನ್ನೂ ಒಟ್ಟಿಗೆ ನೆನೆಯಬೇಕಾಗಿ ಕೋರಿಕೆ.